ಎಮ್ರಿಸ್ ಕಟ್ಟಿದ ಸ್ಟ್ಯಾಂಡು

ಮೊನ್ನೆ ಬರ್ಮಿಂಗ್‌ಹ್ಯಾಮ್‌ನ ಹಾರ್ಬೋರ್ನ್‌ನಲ್ಲಿ ನಮ್ಮ ಪಕ್ಕದ ಮನೆಯವನು ಮಳೆ ನಿಂತು ಇನ್ನೂ ಅರ್ಧ ಗಂಟೆ ಆಗಿರಲಿಲ್ಲ, ಡಬ್ಬಿ ಬ್ರಷ್ಷು ಹಿಡಿದು ತನ್ನ ಕಬ್ಬಿಣದ ಗೇಟಿಗೆ ಬಣ್ಣ ಬಳಿಯಲು ಕೂತ. ನಾನು ಸುಮ್ಮನಿರಬಹುದಿತ್ತು. ಆದರೆ ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ. ಬೇಲಿಯ ಮೇಲಿಂದ ಕತ್ತು ಚಾಚಿ, ಮೊದಲು ಹಳೇ ಬಣ್ಣ ಕೆರೆಯಪ್ಪಾ, ಕಬ್ಬಿಣ ಒಣಗಲಿ, ಆಮೇಲೆ ಹಚ್ಚು, ಹೀಗೆ ಹಚ್ಚಿದರೆ ತುಕ್ಕಿಗೆ ಕಂಬಳಿ ಹೊದಿಸಿ ಮಲಗಿಸಿದ ಹಾಗೆ ಎಂದು ಉಪದೇಶ ಮಾಡಿದೆ. ಅವನು ನಗುತ್ತಲೇ ಥ್ಯಾಂಕ್ಯೂ ಎಂದ. ಈ ದೇಶದಲ್ಲಿ ಆ ಥರದ ಥ್ಯಾಂಕ್ಯೂ ಎಂದರೆ ನಿನ್ನ ಕೆಲಸ ನೀನು ನೋಡಿಕೋ ಎಂದು ಅರ್ಥ. ನಾನು ಒಳಗೆ ಬಂದು ಅಡುಗೆಮನೆಯ ಕಿಟಕಿ ಮುಚ್ಚಿದೆ.

ಮುಚ್ಚುವಷ್ಟರಲ್ಲಿ ವಾಸನೆ ಒಳಗೆ ಬಂದಾಗಿತ್ತು. ಒದ್ದೆ ಹುಲ್ಲು, ಎಣ್ಣೆ ಬಣ್ಣ, ಇವೆರಡು ಕೂಡಿದರೆ ಸಾಕು, ನನಗೆ ವೇಲ್ಸ್ ಗಡಿಯ ಆ ಸಣ್ಣ ಊರು ನೆನಪಾಗುತ್ತದೆ. ಒಲೆ ಆರಿಸಿ ಕುರ್ಚಿಯಲ್ಲಿ ಕೂತುಬಿಟ್ಟೆ.

ಕೆಲವು ವರ್ಷಗಳ ಹಿಂದಿನ ಮಾತು. ಮಗಳು ಓದಲು ಶೆಫೀಲ್ಡಿಗೆ ಹೋಗಿದ್ದಳು. ಗಂಡ ಅರಿವಳಿಕೆ ಡಾಕ್ಟರು. ಅವರ ಡ್ಯೂಟಿ ಪಟ್ಟಿಯಲ್ಲಿ ಬಿಡುವಿನ ಶನಿವಾರ ಎಂಬುದು ಹಬ್ಬದ ಹಾಗೆ ಯಾವಾಗಲೋ ಒಮ್ಮೆ ಬರುತ್ತಿತ್ತು. ನಾನು ಸ್ಟ್ರಕ್ಚರಲ್ ಇಂಜಿನಿಯರು. ಬರ್ಮಿಂಗ್‌ಹ್ಯಾಮ್‌ನ ಒಂದು ಆಫೀಸಿನಲ್ಲಿ ಹಳೆಯ ಶಾಲೆ, ಹಳೆಯ ಗೋದಾಮುಗಳು ಇನ್ನೂ ನಿಲ್ಲುತ್ತವೋ ಇಲ್ಲವೋ ಎಂದು ನೋಡಿ ಹೇಳುವುದು ನನ್ನ ಕೆಲಸ. ವಾರವಿಡೀ ಬೇರೆಯವರ ಕಟ್ಟಡಗಳ ಆರೋಗ್ಯ ವಿಚಾರಿಸುತ್ತಿದ್ದೆ, ಶನಿವಾರ ಖಾಲಿ ಮನೆಯಲ್ಲಿ ನನ್ನನ್ನು ವಿಚಾರಿಸುವವರು ಯಾರೂ ಇರುತ್ತಿರಲಿಲ್ಲ. ಬೇಜಾರೆಂದರೆ ಬೇಜಾರು.

ಹಿಂದಿನ ಬೀದಿಯಲ್ಲಿ ನಜೀರ್ ಇದ್ದರು. ಕಲಬುರಗಿಯವರು, ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರು. ಮನೆಯಲ್ಲಿ ದಖನಿ ಮಾತು, ನಮ್ಮ ಜೊತೆ ಕನ್ನಡ. ನನಗಿಂತ ನಾಲ್ಕೈದು ವರ್ಷ ಸಣ್ಣವರು, ನನ್ನನ್ನು ಅಕ್ಕಾರ ಎಂದೇ ಕರೆಯುವುದು. ಹಿಂದೊಮ್ಮೆ ಆ ಗಡಿ ಊರಿನ ದವಾಖಾನೆಯಲ್ಲಿ ಕೆಲವು ತಿಂಗಳು ಬದಲಿ ಡಾಕ್ಟರಾಗಿದ್ದಾಗ ಅಲ್ಲಿನ ಫುಟ್ಬಾಲ್ ಕ್ಲಬ್ಬಿನವರು ಅವರನ್ನು ಮ್ಯಾಚಿನ ದಿನ ಮೈದಾನದ ಅಂಚಿಗೆ ನಿಂತುಕೊಳ್ಳಿ ಡಾಕ್ಟರೇ ಎಂದು ಕರೆದಿದ್ದರಂತೆ. ನಿಂತವರು ನಿಂತೇ ಬಿಟ್ಟರು. ಆ ಊರಿನಲ್ಲಿ ಮ್ಯಾಚಿದ್ದ ಶನಿವಾರಗಳಲ್ಲೆಲ್ಲ ಶ್ರೂಸ್‌ಬರಿ ದಾಟಿ ಗಡಿಯವರೆಗೆ ಕಾರು ಓಡಿಸಿಕೊಂಡು ಹೋಗುತ್ತಿದ್ದರು. ಆ ಜುಲೈನಲ್ಲಿ ನನ್ನ ಮುಖ ನೋಡಿ, ಅಕ್ಕಾರ, ಮ್ಯಾಚ್ ಬ್ಯಾಡ, ಬಣ್ಣ ಹಚ್ಚೋ ಕೆಲಸ ಅದ, ಬರ್ರಿ ಎಂದರು. ಫುಟ್ಬಾಲೆಂದರೆ ನನಗೆ ಆಕಳಿಕೆ. ಬಣ್ಣ ಎಂದದ್ದಕ್ಕೆ ಹೋದೆ.

ಆ ಕ್ಲಬ್ಬು ಆಡುತ್ತಿದ್ದದ್ದು ವೇಲ್ಸ್‌ನ ಎರಡನೇ ದರ್ಜೆಯ ಲೀಗಿನಲ್ಲಿ. ವೇಲ್ಸ್ ಎಂದರೆ ನಮ್ಮ ಬೆಳಗಾವಿ ಜಿಲ್ಲೆಯಷ್ಟೂ ಜನ ಇಲ್ಲದ ದೇಶ. ಅಲ್ಲಿ ಚೆನ್ನಾಗಿ ಆಡುವವರು ಇಂಗ್ಲೆಂಡಿನ ದೊಡ್ಡ ಊರುಗಳಿಗೆ ಹೋಗುತ್ತಾರೆ. ಉಳಿದವರು ಮೊದಲ ದರ್ಜೆಯಲ್ಲಿ ಆಡುತ್ತಾರೆ. ಅಲ್ಲಿಯೂ ಉಳಿದವರು ಎರಡನೆಯದಕ್ಕೆ. ನಮ್ಮ ತಂಡದ ಗೋಲ್‌ಕೀಪರ್ ಶಾಲೆಯ ಮಾಸ್ತರ, ಮುಂದೆ ಆಡುವವನು ನಲ್ಲಿ ರಿಪೇರಿಯವನು, ಕ್ಯಾಪ್ಟನ್ ಟಪಾಲು ಹಂಚುವವನು. ನಮ್ಮ ತಂಡ ಎಂದು ಈಗ ಬರೆಯುತ್ತಿದ್ದೇನೆ. ಆ ಜುಲೈನಲ್ಲಿ ಹಾಗೆ ಎನ್ನಲು ನನಗೆ ನಾಲಿಗೆ ತಿರುಗುತ್ತಿರಲಿಲ್ಲ.

ಮೈದಾನದ ಒಂದು ಬದಿಗೆ ಜನ ಕೂರುವ ಸ್ಟ್ಯಾಂಡು. ತಗಡಿನ ಮಾಡು, ಕಬ್ಬಿಣದ ಕಂಬಗಳು, ಮೆಟ್ಟಿಲುಮೆಟ್ಟಿಲಾಗಿ ಸೀಟುಗಳು. ಅದನ್ನು ಕಟ್ಟಿದವನು ಎಮ್ರಿಸ್ ಎಂಬ ಕಸಾಯಿ ಅಂಗಡಿಯವನು. ಎಲ್ಲೋ ದನದ ಸಂತೆಯ ಶೆಡ್ಡು ಕೆಡವುತ್ತಿದ್ದಾರೆಂದು ಕೇಳಿ, ಆ ಕಬ್ಬಿಣವನ್ನೆಲ್ಲ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದು, ತಾನೇ ವೆಲ್ಡಿಂಗ್ ಕಲಿತು, ಒಂದು ಬೇಸಿಗೆಯಲ್ಲಿ ಕಟ್ಟಿ ನಿಲ್ಲಿಸಿದ್ದನಂತೆ. ಅವನು ತೀರಿಕೊಂಡು ಬಹಳ ವರ್ಷವಾಗಿತ್ತು. ಅವನ ಮಗ ಹ್ಯೂ ಕುರಿ ಸಾಕುವ ರೈತ, ಕ್ಲಬ್ಬಿನ ಅಧ್ಯಕ್ಷ. ಎಮ್ರಿಸ್‌ನ ಹೆಂಡತಿ ಮಾಯರ್, ಎಂಬತ್ತು ದಾಟಿದ ಮುದುಕಿ, ಕ್ಲಬ್ಬಿನ ಅಡುಗೆಮನೆಯ ಯಜಮಾನಿ. ನಜೀರ್ ಮತ್ತು ನಾನು ನಮ್ಮ ನಮ್ಮಲ್ಲೇ ಆಕೆಯನ್ನು ಮಾಯವ್ವ ಎನ್ನುತ್ತಿದ್ದೆವು.

ಮಾಯವ್ವನ ಇಂಗ್ಲಿಷು ಎಳೆದೆಳೆದು, ಕೊನೆಯ ಮಾತಿಗೆ ಒತ್ತು ಕೊಟ್ಟು, ನಮ್ಮ ಜಮಖಂಡಿ ಕಡೆಯ ಹೆಂಗಸರು ಕಟ್ಟೆಯ ಮೇಲೆ ಕೂತು ಮಾತಾಡಿದಂತೆ ನನ್ನ ಕಿವಿಗೆ ಕೇಳುತ್ತಿತ್ತು. ಹಾಗಾಗಿ ಆಕೆಯ ಮಾತನ್ನು ನಾನು ನಮ್ಮೂರ ಮಾತಿನಲ್ಲೇ ಬರೆಯುತ್ತೇನೆ. ಶುದ್ಧ ಮಾಡಿ ಬರೆದರೆ ಅದು ಮಾಯವ್ವ ಆಗುವುದಿಲ್ಲ.

ಬಣ್ಣದ ದಿನಕ್ಕೆ ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ಸ್ಟ್ಯಾಂಡಿನ ಒಂದೊಂದು ಕಂಬ ಒಂದೊಂದು ಮನೆಗೆ ಸೇರಿದ್ದು. ಸೀಸನ್ ಶುರುವಾಗುವ ಮೊದಲು ಆ ಮನೆಯವರೇ ಬಂದು ತಮ್ಮ ಕಂಬಕ್ಕೆ ಹಸಿರು ಬಳಿಯಬೇಕು. ಮನೆಯ ಹಿರಿಯರು ಹೋದರೆ ಮಕ್ಕಳು, ಮಕ್ಕಳು ಊರು ಬಿಟ್ಟರೆ ಅಳಿಯನೋ ಸೊಸೆಯೋ. ಯಾರೂ ತಪ್ಪಿಸುತ್ತಿರಲಿಲ್ಲ, ಮಳೆಯಿದ್ದರೂ ಛತ್ರಿ ಹಿಡಿದು ಬಳಿಯುತ್ತಿದ್ದರು. ವಾರಸುದಾರರಿಲ್ಲದ ಒಂದು ಕಂಬವನ್ನು ನಜೀರ್‌ಗೆ ಕೊಟ್ಟಿದ್ದರು. ಅವರು ಅದರ ಅರ್ಧ ನನಗೆ ಬಿಟ್ಟುಕೊಟ್ಟರು. ಮೇಲಿನರ್ಧ ಅವರದು, ಕೆಳಗಿನರ್ಧ ನನ್ನದು. ಕೂತುಕೊಂಡು ಬಳಿಯುವಾಗ ಈ ದೇಶಕ್ಕೆ ಬಂದು ಇಷ್ಟು ವರ್ಷದಲ್ಲಿ ಯಾರೂ ನನಗೆ ಹೀಗೆ ಒಂದು ಜಾಗ ತೋರಿಸಿ ಇದು ನಿನ್ನದು ಎಂದಿರಲಿಲ್ಲ ಎಂದು ಹೊಳೆಯಿತು. ಸಂತೋಷವಾಯಿತು. ಬಣ್ಣ ದಪ್ಪಗಿದೆ, ಕೆಳಗೆ ಎಷ್ಟು ಪದರವೋ ಎಂದೂ ಅನ್ನಿಸಿತು, ಆದರೆ ಶನಿವಾರ ನಾನು ಇಂಜಿನಿಯರ್ ಆಗಿರಬಾರದೆಂದು ತೀರ್ಮಾನಿಸಿದ್ದೆ.

ಆಗಸ್ಟಿನಿಂದ ನಾನು ಪ್ರತಿ ಮ್ಯಾಚಿಗೂ ಹೋಗತೊಡಗಿದೆ. ಮಾಂಸ ಮುಟ್ಟುವುದಿಲ್ಲ ಎಂದು ತಿಳಿದ ಮೇಲೆ ಮಾಯವ್ವ ನನಗಾಗಿ ಆಲೂಗಡ್ಡೆ ಸೂಪು ಬೇರೆ ಪಾತ್ರೆಯಲ್ಲಿ ಕಾಯಿಸಿಡುತ್ತಿದ್ದರು; ಕಸಾಯಿಯ ಹೆಂಡತಿ ನನಗೋಸ್ಕರ ಸೌಟು ಸಹ ಬೇರೆ ಇಟ್ಟಿದ್ದರು. ನಾನು ಶೇಂಗಾ ಚಟ್ನಿ ಪುಡಿ ಒಯ್ದು ಆ ಸೂಪಿಗೆ ಉದುರಿಸಿಕೊಂಡೆ. ಮಾಯವ್ವ ಒಂದು ಚಮಚ ರುಚಿ ನೋಡಿ, ಕಣ್ಣಲ್ಲಿ ನೀರು ತಂದುಕೊಂಡು, ಡಬ್ಬಿ ಇಲ್ಲೇ ಬಿಟ್ಟು ಹೋಗು ಎಂದರು. ಅಕ್ಟೋಬರ್ ಹೊತ್ತಿಗೆ ಆಟಗಾರರೂ ಸೂಪಿಗೆ ಚಟ್ನಿ ಪುಡಿ ಕೇಳತೊಡಗಿದ್ದರು. ಮ್ಯಾಚಿನ ಹೊತ್ತಿಗೆ ಮಾಯವ್ವ ಏಪ್ರನ್ ಬಿಚ್ಚಿ, ಸ್ಟ್ಯಾಂಡಿನ ಮೇಲಿನ ಸಾಲಿನ ಮೂಲೆಯಲ್ಲಿ ತಮ್ಮ ಜಾಗದಲ್ಲಿ ಕೂರುತ್ತಿದ್ದರು. ಪಕ್ಕದಲ್ಲಿ ನಾನು. ಅಡ್ಡ ಮಳೆ ಬಂದರೂ ಆ ಮೂಲೆಗೆ ಹನಿ ಬೀಳುತ್ತಿರಲಿಲ್ಲ, ಎಮ್ರಿಸ್ ಅದನ್ನು ಲೆಕ್ಕ ಹಾಕಿಯೇ ಮಾಡಿದ್ದನೆಂದು ಆಕೆ ಹೇಳುತ್ತಿದ್ದರು.

ವಿಚಿತ್ರವೆಂದರೆ ತಂಡ ಗೆಲ್ಲತೊಡಗಿತು. ಅದಕ್ಕೆ ಕಾರಣ ಏನೆಂದು ನನ್ನನ್ನು ಕೇಳಬೇಡಿ, ಆಫ್‌ಸೈಡ್ ಎಂದರೇನೆಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಕ್ರಿಸ್ಮಸ್ ಹೊತ್ತಿಗೆ ಪಟ್ಟಿಯಲ್ಲಿ ಮೊದಲನೆಯ ಜಾಗದಲ್ಲಿದ್ದೆವು. ಗೆದ್ದರೆ ಮುಂದಿನ ವರ್ಷ ಮೊದಲ ದರ್ಜೆ, ಆ ಊರು ಎಂದೂ ಕಾಣದ್ದು. ಹಾಲಿನ ಲಾರಿಯವನೂ ಕಿಟಕಿ ಇಳಿಸಿ ಸ್ಕೋರು ಕೇಳುತ್ತಿದ್ದ. ನಜೀರ್ ಕಾರಿನಲ್ಲಿ ಇಡೀ ದಾರಿ ಇನ್ನೆಷ್ಟು ಪಾಯಿಂಟ್ ಬೇಕು ಎಂದು ಲೆಕ್ಕ ಹಾಕುತ್ತಿದ್ದರು, ನಾನೂ ತಿದ್ದುತ್ತಿದ್ದೆ.

ಆದರೆ ಆ ಲೀಗಿನಲ್ಲಿ ಗೆದ್ದರಷ್ಟೇ ಸಾಲದು. ಮೇಲಿನ ದರ್ಜೆಗೆ ಹೋಗಲು ಮೈದಾನಕ್ಕೂ ಲೈಸೆನ್ಸ್ ಬೇಕು. ಮಾಡಿನ ಕೆಳಗೆ ಇಷ್ಟು ಸೀಟು ಇರಬೇಕು, ಆ ಮಾಡು ಭದ್ರವಾಗಿದೆ ಎಂದು ಇಂಜಿನಿಯರು ಬರೆದುಕೊಡಬೇಕು. ಮಾರ್ಚ್ ಮುಗಿಯುವುದರೊಳಗೆ. ಹ್ಯೂ ಇದನ್ನು ಕ್ಲಬ್ಬಿನ ಕೋಣೆಯಲ್ಲಿ ಹೇಳಿ, ನಮ್ಮಲ್ಲೇ ಇಂಜಿನಿಯರ್ ಇದ್ದಾಳಲ್ಲ ಎಂದು ನನ್ನ ಕಡೆ ತಿರುಗಿದ. ಎಲ್ಲರೂ ಮೇಜು ತಟ್ಟಿದರು. ನಾನು ಉಬ್ಬಿಹೋದೆ.

ಫೆಬ್ರುವರಿಯ ಕೊನೆಗೆ, ಮ್ಯಾಚಿಲ್ಲದ ಒಂದು ಶನಿವಾರ, ಸುತ್ತಿಗೆ, ಕೆರೆಯುವ ಕತ್ತಿ ಹಿಡಿದು ಹೋದೆ. ನಜೀರ್ ಟಾರ್ಚು ಹಿಡಿಯಲು ಬಂದರು. ಸಂತೆಯಲ್ಲಿ ನಮ್ಮವ್ವ ಗಡಿಗೆ ಕೊಳ್ಳುವಾಗ ಬೆರಳ ಗೆಣ್ಣಿನಿಂದ ಬಡಿದು ಕೇಳುತ್ತಿದ್ದಳು, ಕಬ್ಬಿಣವನ್ನು ನಾನೂ ಹಾಗೇ ಕೇಳುವುದು. ಎದೆಯ ಎತ್ತರದಲ್ಲಿ ಬಡಿದೆ, ಚೆನ್ನಾಗಿತ್ತು. ಬುಡದಲ್ಲಿ ಬಡಿದೆ, ಸದ್ದು ಸತ್ತಿತ್ತು. ಅದು ನಮ್ಮದೇ ಕಂಬ. ಬಣ್ಣ ಕೆರೆದೆ. ಪದರದ ಮೇಲೆ ಪದರ, ಹಸಿರು, ಅದರ ಕೆಳಗೆ ಇನ್ನೂ ಹಳೆಯ ಹಸಿರು. ಕೊನೆಗೆ ಬಂದದ್ದು ಕಬ್ಬಿಣವಲ್ಲ, ಕೆಂಪು ಪುಡಿ. ಸ್ಕ್ರೂಡ್ರೈವರ್ ಒತ್ತಿದೆ, ಹಣ್ಣಿನೊಳಗೆ ಹೋದಂತೆ ಒಳಗೆ ಹೋಯಿತು. ಹಿಂದಿನ ಸಾಲಿನ ಕಂಬಗಳೆಲ್ಲ ಬುಡದಲ್ಲಿ ಹೀಗೇ ಇದ್ದವು. ಕೆಸರಾಗುತ್ತದೆಂದು ಪ್ರತಿ ವರ್ಷ ಬುಡಕ್ಕೆ ಜಲ್ಲಿ ಸುರಿದಿದ್ದರು, ನೀರು ಅಲ್ಲೇ ನಿಲ್ಲುತ್ತಿತ್ತು. ಕೆರೆಯದೆ, ಒಣಗಿಸದೆ, ಪ್ರೀತಿಯಿಂದ ಬಣ್ಣ ಹಚ್ಚಿ ಹಚ್ಚಿ ಆ ನೀರನ್ನು ಒಳಗೇ ಕೂಡಿಹಾಕಿದ್ದರು. ಒಬ್ಬ ಸೋಮಾರಿ ಆ ಊರಿನಲ್ಲಿದ್ದಿದ್ದರೆ, ಅವನ ಕಂಬ ಬೋಳಾಗಿ ತುಕ್ಕು ಹಿಡಿದು ಎಲ್ಲರಿಗೂ ಎಂದೋ ಕಂಡಿರುತ್ತಿತ್ತು.

ಮೇಲೆ ಹತ್ತಿ ಮಾಡಿನ ಕೀಲುಗಳನ್ನು ನೋಡುವ ಅಗತ್ಯವೇ ಬೀಳಲಿಲ್ಲ. ಕಾಲಿಲ್ಲದ ಮೇಲೆ ಭುಜ ನೋಡಿ ಏನು ಮಾಡುವುದು? ಚೀಲ ಕಟ್ಟಿಕೊಂಡು ಕಾರಿಗೆ ಬಂದೆ.

ದಾರಿಯಲ್ಲಿ ನಜೀರ್, ಇಷ್ಟು ವರ್ಷ ನಿಂತದ, ಇನ್ನೊಂದು ವರ್ಷ ನಿಲ್ಲಂಗಿಲ್ಲೇನ್ರಿ ಎಂದರು. ನಿಲ್ಲಬಹುದು, ನಿಲ್ಲುತ್ತದೆ ಎಂದು ನಾನು ಬರೆದುಕೊಡುವುದಿಲ್ಲ ಎಂದೆ. ಎದೆ ಕೆಟ್ಟವನಿಗೆ, ಇವತ್ತಿನವರೆಗೂ ಬದುಕಿದ್ದೀಯಲ್ಲ, ಓಡು ಎಂದು ನೀವು ಬರೆದುಕೊಡುತ್ತೀರಾ ಎಂದು ಕೇಳಿದೆ. ಖಾರವಾಗಿಯೇ ಕೇಳಿದೆ. ಅವರು ಕಾರನ್ನು ರಸ್ತೆ ಬದಿಗೆ ನಿಲ್ಲಿಸಿದರು.

"ಅಕ್ಕಾರ, ಆಸ್ಪತ್ರ್ಯಾಗ ನಾವು ಡಾಕ್ಟರ್, ಆಫೀಸ್‌ನಾಗ ನೀವು ಇಂಜಿನಿಯರ್. ಈ ಊರಾಗ ಅಷ್ಟೇ ನಮ್ಮನ್ನ ಹೆಸರು ಹಿಡದು ಕರೀತಾರ. ಅದನ್ನ ಕಳಕೊಂಡ್ರ ಮತ್ತ ಎಲ್ಲಿ ಸಿಗತದ್ರಿ?"

ಅವರು ಹೇಳಿದ್ದು ನಿಜವೇ ಆಗಿತ್ತು, ಅದೇ ಸಂಕಟ. ಕಾರು ಮತ್ತೆ ಹೊರಟಿತು.

ಮುಂದಿನ ವಾರ ಕ್ಲಬ್ಬಿನ ಕೋಣೆಯಲ್ಲಿ ಎಲ್ಲರ ಮುಂದೆ ಹೇಳಿದೆ. ಸ್ಟ್ಯಾಂಡಿನಲ್ಲಿ ಇವತ್ತಿನಿಂದ ಯಾರೂ ಕೂರಬಾರದು, ಹೊಸ ಕಾಲು ಹಾಕದೆ ಲೈಸೆನ್ಸಿಗೆ ನಾನು ಸಹಿ ಮಾಡುವುದಿಲ್ಲ ಎಂದೆ. ಹೊಸ ಕಾಲು ಹಾಕಬೇಕೆಂದರೆ ಅಗೆಯಬೇಕು, ಕಾಂಕ್ರೀಟ್ ಹಾಕಬೇಕು, ಕೈ ಬೇಕು. ಆದರೆ ಅದು ಕುರಿಗಳು ಮರಿ ಹಾಕುವ ಕಾಲ. ಆ ಊರಿನ ಗಂಡಸರು ಹೆಂಗಸರು ಎಲ್ಲರೂ ಕೊಟ್ಟಿಗೆಯಲ್ಲೇ ಮಲಗುವ ತಿಂಗಳು. ಹ್ಯೂನ ಅಂಗಿಗೆ ಆಗಲೂ ಹುಲ್ಲು ಮೆತ್ತಿತ್ತು. ಯಾರೋ ಹಿಂದಿನಿಂದ, ಬೇರೆ ಇಂಜಿನಿಯರನ್ನು ಕೇಳೋಣ ಎಂದರು. ಹ್ಯೂ ತಲೆಯಾಡಿಸಿ, ಅವಳು ಬೇಡ ಎಂದದ್ದರ ಕೆಳಗೆ ನನ್ನ ತಾಯಿಯನ್ನು ನಾನು ಕೂರಿಸುವುದಿಲ್ಲ ಎಂದ. ಅಲ್ಲಿಗೆ ಮೊದಲ ದರ್ಜೆಯ ಮಾತು ಮುಗಿಯಿತು. ಒಬ್ಬರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎನ್ನಿಸಿತು.

ಜನ ಚದುರಿದ ಮೇಲೆ ಮಾಯವ್ವ ನನ್ನನ್ನು ಅಡುಗೆಮನೆಗೆ ಕರೆದರು. ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತಿದ್ದರು.

"ಗಂಗಾ, ಖರೇ ಹೇಳು. ಎಮ್ರಿಸ್‌ನ ಬೆಸಗಿ ಕೆಟ್ಟಿತ್ತೇನು?"

ಅವನು ಕಸಾಯಿ, ವೆಲ್ಡರ್ ಅಲ್ಲ ಎಂದು ಆ ಕಾಲದಲ್ಲೇ ಊರಲ್ಲಿ ಆಡಿಕೊಂಡಿದ್ದರಂತೆ. ಇಷ್ಟು ವರ್ಷ ಆಕೆ ಆ ಮಾಡಿನ ಕೆಳಗೆ ಕೂತದ್ದು ಆ ಮಾತಿಗೆ ಉತ್ತರವಾಗಿ ಎಂದು ನನಗೆ ಆಗ ತಿಳಿಯಿತು. ನಾನು ಬುಡ ನೋಡಿದ್ದೆ. ಬೆಸುಗೆ ಇದ್ದದ್ದು ಮೇಲಿನ ಕೀಲುಗಳಲ್ಲಿ, ಅದನ್ನು ನೋಡಿಯೇ ಇರಲಿಲ್ಲ.

"ಇಲ್ಲಬೇ," ಎಂದೆ. "ಬೆಸಗಿ ಗಟ್ಟಿ ಐತಿ. ಕಾಲು ತಿಂದದ್ದು ನೀರು."

ಮಾಯವ್ವ ನನ್ನ ಮುಖವನ್ನೇ ನೋಡಿ, ಹೂಂ ಎಂದು, ಸೂಪಿನ ಪಾತ್ರೆ ತೊಳೆಯಲು ತಿರುಗಿದರು. ಇಡೀ ಊರು ಕೇಳಿದರೂ ಸಹಿ ಮಾಡದವಳು, ನೋಡದೇ ಇದ್ದದ್ದಕ್ಕೆ ಬಾಯಿಯಲ್ಲಿ ಸರ್ಟಿಫಿಕೇಟ್ ಕೊಟ್ಟುಬಿಟ್ಟಿದ್ದೆ. ಕಂಬಗಳ ವಿಷಯದಲ್ಲಿ ನನಗೆ ಒಂದು ದಿನವೂ ಅನುಮಾನ ಬರಲಿಲ್ಲ. ಆ ಬೆಸುಗೆಯ ವಿಷಯ ಮಾತ್ರ ಆಫೀಸಿನಲ್ಲಿ, ಬಸ್ಸಿನಲ್ಲಿ, ರೊಟ್ಟಿ ತಟ್ಟುವಾಗ ಬಂದು ಕುಟುಕುತ್ತಿತ್ತು.

ನಜೀರ್ ಆಮೇಲೆ ಶನಿವಾರ ನನ್ನನ್ನು ಕರೆದೊಯ್ಯಲು ಮನೆ ಮುಂದೆ ಬಂದು ಹಾರ್ನ್ ಮಾಡಲಿಲ್ಲ. ಜಗಳವೇನೂ ಇಲ್ಲ, ಅಂಗಡಿಯಲ್ಲಿ ಸಿಕ್ಕರೆ ಮಗಳು ಹೇಗಿದ್ದಾಳೆ ಎಂದು ಕೇಳುವರು, ಅಷ್ಟೇ. ನಾನೂ ಮ್ಯಾಚಿಗೆ ಹೋಗುವುದನ್ನು ಬಿಟ್ಟೆ. ಏಪ್ರಿಲ್‌ನ ಕೊನೆಯ ಮ್ಯಾಚಿಗೆ ಮಾತ್ರ ಮನಸ್ಸು ತಡೆಯಲಿಲ್ಲ. ಗಂಡನಿಗೆ ಅಂದು ರಜೆ ಇತ್ತು, ಎಲ್ಲಿಗೆ ಏನು ಎಂದು ಕೇಳದೆ ಕರೆದುಕೊಂಡು ಹೋದರು.

ಮಳೆ ಹಿಡಿದಿತ್ತು. ಸ್ಟ್ಯಾಂಡಿನ ಸುತ್ತ ಪಟ್ಟಿ ಕಟ್ಟಿ ಖಾಲಿ ಬಿಟ್ಟಿದ್ದರು. ಇಡೀ ಊರು ಎದುರು ಬದಿಯಲ್ಲಿ, ಬಯಲಲ್ಲಿ ಛತ್ರಿ ಹಿಡಿದು ನಿಂತಿತ್ತು, ಮಾಯವ್ವನೂ ಸಹ. ಎದುರಾಳಿ ಪಟ್ಟಿಯಲ್ಲಿ ಎರಡನೆಯವರು. ನಾವು ಗೆದ್ದೆವು, ಚೆನ್ನಾಗಿ ಗೆದ್ದೆವು. ಲೀಗಿನ ಕಪ್ ನಮಗೆ ಬಂತು. ಮೈದಾನದ ಲೈಸೆನ್ಸ್ ಇದ್ದದ್ದು ಅವರಿಗೆ, ಮೇಲಿನ ದರ್ಜೆಗೆ ಹೋದವರೂ ಅವರೇ. ಅವರ ಕ್ಯಾಪ್ಟನ್ ನಮ್ಮ ಟಪಾಲಿನವನ ಕೈ ಕುಲುಕುವಾಗ ಮುಖ ನೋಡಲಿಲ್ಲ. ನಮ್ಮವರು ಕಪ್ ಎತ್ತಿದರು, ಜನ ಕೂಗಿದರು, ಆ ಕೂಗು ಬೇಗ ನಿಂತಿತು. ನಾನು ಅತ್ತೆ. ಮಳೆಯಲ್ಲಿ ಅದು ಯಾರಿಗೂ ಕಾಣಲಿಲ್ಲ. ನಜೀರ್ ಚೀಲ ಹಿಡಿದು ನಮ್ಮ ಮುಂದೆ ಹಾದುಹೋಗುವಾಗ ಒಂದು ಗಳಿಗೆ ನಿಂತು, ಬಂದ್ರಿ ಎಂದರು, ಹೋದರು.

ಮೇ ತಿಂಗಳಿನ ಒಂದು ಬೆಳಿಗ್ಗೆ ನಮ್ಮ ಮನೆಯ ಮುಂದೆ ಹಾರ್ನ್ ಕೇಳಿಸಿತು. ಕಿಟಕಿಯಿಂದ ನೋಡಿದರೆ ನಜೀರ್. ಸ್ಟ್ಯಾಂಡು ಇವತ್ತು ಇಳಿಸ್ತಾರ, ಮಾಯವ್ವ ನಿಮ್ಮನ್ನ ಕರಕೊಂಡೇ ಬಾ ಅಂದಾರ ಎಂದರು. ಚಪ್ಪಲಿ ಮೆಟ್ಟಿಕೊಂಡು ಹೊರಟೆ. ದಾರಿಯಲ್ಲಿ ಅವರು ಮುಂದಿನ ಸೀಸನ್ನಿನ ಲೆಕ್ಕ ಶುರು ಮಾಡಿದರು, ನಾನು ತಿದ್ದಿದೆ. ಅಷ್ಟರಲ್ಲಿ ನಮ್ಮಿಬ್ಬರ ನಡುವಿನದು ಸರಿಹೋಯಿತು, ಯಾರೂ ಯಾರನ್ನೂ ಏನೂ ಕೇಳಲಿಲ್ಲ.

ತಗಡು, ಸೀಟು ಎಲ್ಲ ಬಿಚ್ಚಿ ಆಗಲೇ ರಾಶಿ ಹಾಕಿದ್ದರು. ಬರೀ ಎಲುಬು ನಿಂತಿತ್ತು. ಮಾಯವ್ವ ಅಡುಗೆಮನೆಯ ಕುರ್ಚಿ ತರಿಸಿಕೊಂಡು ಮೈದಾನದ ನಡುವೆ ಕೂತಿದ್ದರು. ಎರಡು ಟ್ರ್ಯಾಕ್ಟರುಗಳಿಗೆ ಹಗ್ಗ ಕಟ್ಟಿ ಹ್ಯೂ ಕೈ ಎತ್ತಿದ. ಹಗ್ಗ ಬಿಗಿದಿದ್ದೇ ತಡ, ಹಿಂದಿನ ಕಂಬಗಳ ಬುಡ ಮುರಿಯಿತು, ದೊಡ್ಡ ಸದ್ದೂ ಆಗಲಿಲ್ಲ. ಇಷ್ಟು ಸಲೀಸಾಗಿ ಮುರಿಯಬಹುದೆಂದು ನಾನೂ ಎಣಿಸಿರಲಿಲ್ಲ. ಹ್ಯೂ ಟೋಪಿ ತೆಗೆದು ನಿಂತುಬಿಟ್ಟ. ಆ ಸಾಲಿನ ಮೇಲೆ ಅವನ ತಾಯಿ ಕೂರುತ್ತಿದ್ದದ್ದು.

ಆದರೆ ಮೇಲಿನ ಚೌಕಟ್ಟು ಚದುರಲಿಲ್ಲ. ಬಿದ್ದರೆ ಕೀಲುಕೀಲಾಗಿ ಬಿಚ್ಚಿಕೊಳ್ಳುತ್ತದೆ ಎಂದು ಎಲ್ಲರೂ ದೂರ ನಿಂತಿದ್ದರು. ಅದು ಮಂಡಿ ಮಡಚಿ ಕೂತು, ಆಮೇಲೆ ಹಾಗೇ ಇಡಿಯಾಗಿ ಹಿಂದಕ್ಕೆ ಹುಲ್ಲಿನ ಮೇಲೆ ಮಲಗಿತು. ಮಾಯವ್ವ ಕೈ ಸನ್ನೆ ಮಾಡಿ ನನ್ನನ್ನು ಹತ್ತಿರ ಕರೆದರು.

"ಅವತ್ತ ನೀ ನೋಡಲಾರದನ ಹೇಳಿದ್ದಿ. ನನಗ ಗೊತ್ತಿತ್ತ. ಹೋಗು, ಈಗ ನೋಡ್ಕೊಂಡು ಬಾ."

ಹ್ಯೂನ ಕೈಯಿಂದ ಕತ್ತಿ, ಸುತ್ತಿಗೆ ಇಸಿದುಕೊಂಡು ಹೋಗಿ ಹುಲ್ಲಿನಲ್ಲಿ ಮಂಡಿಯೂರಿದೆ. ಮೊದಲ ಕೀಲಿನ ಬಣ್ಣ ಕೆರೆದೆ, ಆಮೇಲೆ ಎರಡನೆಯದು, ಆಮೇಲೆ ಮುಂದಿನದು. ಅವಸರ ಮಾಡಲಿಲ್ಲ. ಯಾರೂ ನನ್ನನ್ನು ಕರೆಯಲಿಲ್ಲ, ಟ್ರ್ಯಾಕ್ಟರುಗಳೂ ಎಂಜಿನ್ ಆರಿಸಿ ನಿಂತಿದ್ದವು. ಗಂಟುಗಂಟು, ಒರಟು, ಅಲ್ಲಲ್ಲಿ ಹೆಚ್ಚು ಸುರಿದ ಬೆಸುಗೆ. ನಮ್ಮ ಆಫೀಸಿನ ಹುಡುಗರು ನೋಡಿದ್ದರೆ ನಗುತ್ತಿದ್ದರು. ಸುತ್ತಿಗೆಯಿಂದ ಬಡಿದೆ, ಕಿವಿ ಇಟ್ಟು ಕೇಳಿದೆ. ಒಂದರಲ್ಲೂ ಬಿರುಕಿರಲಿಲ್ಲ.

ಕೈ ಒರೆಸಿಕೊಳ್ಳುತ್ತಾ ಕುರ್ಚಿಯ ಹತ್ತಿರ ಬಂದೆ. ಮಾಯವ್ವ ಮುಖ ಎತ್ತಿ ಕಾಯುತ್ತಿದ್ದರು.

"ಚಂದ ಇಲ್ಲಬೇ," ಎಂದೆ. "ಆದರ ಭಾಳ ಗಟ್ಟಿ ಐತಿ."

"ಅಂವನೂ ಹಂಗ ಇದ್ದ," ಎಂದು ಮಾಯವ್ವ ನನ್ನ ತೋಳು ಹಿಡಿದು ಕುರ್ಚಿಯಿಂದ ಎದ್ದರು.